ಆಪಾ ಕೇಳಿದ ಪ್ರಶ್ನೆ

ಕಳೆದ ವರ್ಷ ಪಿಯುಸಿ ಫಲಿತಾಂಶ ಬಂದ ವಾರ ಖಾನಾಪುರಕ್ಕೆ, ಆಪಾಳ ಮನೆಗೆ ಹೋಗಿದ್ದೆ. ಅವಳ ಮಗಳು ಒಳ್ಳೆಯ ಅಂಕ ತೆಗೆದಿದ್ದಳು. ಚಹಾ ತಂದಿಟ್ಟವಳೇ ಕೇಳಿದಳು: "ಮಾಮೂ, ವೆಬ್ ಡಿಸೈನ್ ಮಾಡಾಕ ಡಿಗ್ರಿ ಯಾಕ ಬೇಕು? ನೀವೇನು ಡಿಗ್ರಿ ಮುಗಿಸೀರೇನು? ಆರು ತಿಂಗಳ ಕೋರ್ಸ್ ಮಾಡಿ ಕೆಲಸಕ್ಕ ಕೂತ್ರ ಆಗೂದಿಲ್ಲೇನು?"

ನಾನು ನಕ್ಕೆ. ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ 'ಬೇಕಿಲ್ಲ' ಎಂದೇ ಉತ್ತರಿಸುತ್ತ ಬಂದವನು ನಾನು. ಈ ಸಲವೂ ಅದನ್ನೇ ಹೇಳುವವನಿದ್ದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಪಾ, "ಡಿಗ್ರಿ ಬ್ಯಾಡಾಗಿದ್ರ ನಾ ಸಾಲಿ ಯಾಕ ಬಿಟ್ಟೆ?" ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ನಮ್ಮ ಅಬ್ಬಾ ಬೋರ್ಡ್ ಬರೆಯುವ ಪೇಂಟರ್. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಕನ್ನಡ, ಮರಾಠಿ, ಇಂಗ್ಲಿಷ್, ಉರ್ದು ನಾಲ್ಕೂ ಲಿಪಿಗಳು ಅವರ ಕುಂಚಕ್ಕೆ ಬರುತ್ತಿದ್ದವು. ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಯ ಅಂಗಡಿಗಳಿಂದ ಹಿಡಿದು ಖಾನಾಪುರದ ಹಂಚಿನ ಕಾರ್ಖಾನೆಯವರೆಗೆ ಅವರು ಬರೆದ ಅಕ್ಷರಗಳಿದ್ದವು. ಫ್ಲೆಕ್ಸ್ ಬಂತು, ಕೆಲಸ ಕಡಿಮೆಯಾಯಿತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಆಪಾ ಮುಂದೆ ಓದದೆ ಹೊಲಿಗೆ ಯಂತ್ರದ ಮುಂದೆ ಕೂತಳು. 2000ದಲ್ಲಿ ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಬಿಎಸ್ಸಿಗೆ ಸೇರಿದಾಗ ಫೀಸು ಬಂದದ್ದು ಆ ಯಂತ್ರದಿಂದ.

ಎರಡನೆಯ ವರ್ಷದಲ್ಲಿ ನಾನು ಕಾಲೇಜು ಬಿಟ್ಟೆ. ಮನೆಯಲ್ಲಿ ಒಂದು ವರ್ಷ ಹೇಳಲೇ ಇಲ್ಲ. ದಿನವೂ ಅದೇ ಬಸ್ಸಿನಲ್ಲಿ ಹೋಗಿ, ಕಾಲೇಜಿನ ಬದಲು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆ. ಅಲ್ಲಿ ನನ್ನನ್ನು ಹಿಡಿದಿಟ್ಟ ಗುಟ್ಟು ಒಂದೇ. ಯಾವ ವೆಬ್ ಪುಟವನ್ನಾದರೂ ತೆರೆದು 'ವ್ಯೂ ಸೋರ್ಸ್' ಒತ್ತಿದರೆ ಅದನ್ನು ಕಟ್ಟಿದ ಬಗೆಯೆಲ್ಲ ಕಣ್ಣೆದುರು ಬರುತ್ತಿತ್ತು. ಗೌಂಡಿಯೊಬ್ಬ ತಾನು ಕಟ್ಟಿದ ಗೋಡೆಯನ್ನು ಬಿಚ್ಚಿ ತೋರಿಸಿದ ಹಾಗೆ. ನೋಟ್‌ಪ್ಯಾಡಿನಲ್ಲಿ ನಕಲು ಮಾಡುವುದು, ಒಂದು ಸಾಲು ಬದಲಿಸುವುದು, ಏನಾಯಿತೆಂದು ನೋಡುವುದು. ಗುರು, ಪರೀಕ್ಷೆ, ಹಾಜರಿ ಯಾವುದೂ ಬೇಕಿರಲಿಲ್ಲ.

ವೆಬ್ ಹುಟ್ಟಿದ್ದೇ ಹಾಗೆ. ಅದನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಓದಿದ್ದು ಭೌತಶಾಸ್ತ್ರ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. 2003ರಲ್ಲಿ ವರ್ಡ್‌ಪ್ರೆಸ್ ಆರಂಭಿಸಿದ ಇಬ್ಬರಲ್ಲಿ ಒಬ್ಬರಾದ ಮ್ಯಾಟ್ ಮುಲೆನ್‌ವೆಗ್ ಮರುವರ್ಷ ಕಾಲೇಜು ಬಿಟ್ಟರು. ನಮ್ಮ ದೇಶದಲ್ಲೇ ಝೋಹೊ ಕಂಪನಿ 2005ರಿಂದ ಪಿಯುಸಿ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ತಾನೇ ಕಲಿಸಿ ಕೆಲಸ ಕೊಡುತ್ತ ಬಂದಿದೆ. ಇಂಥ ಉದಾಹರಣೆಗಳನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವೆಲ್ಲ ನಿಜವೇ.

ನನ್ನ ಮೊದಲ ಕೆಲಸ ಬೆಳಗಾವಿಯ ಒಂದು ಬಟ್ಟೆ ಅಂಗಡಿಗೆ ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಪುಟ ಮಾಡುವುದಾಗಿತ್ತು. ಇಂಗ್ಲಿಷಿಗೆ ಸರಿಹೊಂದುವ ಸಾಲಿನ ಎತ್ತರ ಕೊಟ್ಟಿದ್ದೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ಡಿಕ್ಕಿ ಹೊಡೆದವು, ಕೆಲವು ಅರ್ಧಕ್ಕೇ ಕತ್ತರಿಸಿದವು. ಅಬ್ಬಾ ನೋಡಿ, "ಕನ್ನಡಕ್ಕ ಕೆಳಗ ಜಾಗಾ ಬಿಡಬೇಕಪ್ಪಾ, ಮರಾಠಿಗಿ ಮ್ಯಾಲ ಬಿಡಬೇಕು" ಎಂದರು. ಕಂಪ್ಯೂಟರ್ ಮುಟ್ಟದ ಮನುಷ್ಯ ನನಗೆ ಕಲಿಸಿದ ಈ ಪಾಠ ಇಂದಿಗೂ ಅನ್ನ ಕೊಡುತ್ತಿದೆ. ಇದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಆದರೆ ನಾನು ಯಾರಿಗೂ ಹೇಳದ ಸಂಗತಿಗಳೂ ಇವೆ. 2009ರಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ. ಪದವಿಯ ಖಾನೆ ತುಂಬದೆ ಅರ್ಜಿ ಮುಂದಕ್ಕೇ ಹೋಗಲಿಲ್ಲ. ನನ್ನ ಕೆಲಸ ನೋಡುವ ಮನುಷ್ಯನ ತನಕ ಅದು ತಲುಪಲೇ ಇಲ್ಲ. ಸರಕಾರಿ ನೇಮಕಾತಿಗಳಲ್ಲೂ ಅದೇ ಖಾನೆ. ಅಮೆರಿಕದ ಎಚ್-1ಬಿ ವೀಸಾಕ್ಕೆ ಪದವಿ ಬೇಕು, ಇಲ್ಲವೇ ಅದಕ್ಕೆ ಸಮನಾದ ಅನುಭವ ತೋರಿಸಬೇಕು. ಕಾಲೇಜಿನ ಒಂದು ವರ್ಷಕ್ಕೆ ಕೆಲಸದ ಮೂರು ವರ್ಷ ಎಂಬುದು ಅಲ್ಲಿನ ಲೆಕ್ಕ. ಅಂದರೆ ನಾಲ್ಕು ವರ್ಷದ ಪದವಿಗೆ ಹನ್ನೆರಡು ವರ್ಷದ ದುಡಿಮೆ.

ಇನ್ನೊಂದು ಪೆಟ್ಟು ಕಲಿಕೆಯಲ್ಲೇ ಬಿತ್ತು. ಹಗಲು ರಾತ್ರಿ ಕೂತು ಫ್ಲ್ಯಾಶ್ ಕಲಿತಿದ್ದೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲವನ್ನೇ ನಿಲ್ಲಿಸಿತು. ಪುಟದ ಅಂದದಿಂದ ಡೇಟಾಬೇಸ್, ಪ್ರೋಗ್ರಾಮಿಂಗ್ ಕಡೆಗೆ ಕೆಲಸ ಸರಿದಾಗ ಅರ್ಧಕ್ಕೆ ಬಿಟ್ಟ ಗಣಿತ ನೆನಪಾಯಿತು. ಸಾಧನ ಕಲಿತವನು ಸಾಧನದ ಜೊತೆಗೇ ಹಳಬನಾಗುತ್ತಾನೆ. ಬುಡ ಕಲಿತವನು ಹೊಸ ಸಾಧನ ಹಿಡಿಯುತ್ತಾನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಾನು ಮೊದಲ ವರ್ಷಗಳಲ್ಲಿ ಮಾಡುತ್ತಿದ್ದಂಥ ಪುಟವನ್ನು ಯಂತ್ರವೇ ನಿಮಿಷಗಳಲ್ಲಿ ಬರೆಯುತ್ತದೆ. ಅಬ್ಬಾನಿಗೆ ಫ್ಲೆಕ್ಸ್ ಬಂದಂತೆ ನನಗೆ ಇದು ಬಂದಿದೆ. ಆರು ತಿಂಗಳ ಕೋರ್ಸಿನಿಂದ ಬರುವ ಕೆಲಸಕ್ಕೇ ಈಗ ಮೊದಲು ಕುತ್ತು.

ಆ ರಾತ್ರಿ ಊಟವಾದ ಮೇಲೆ ಆಪಾ ಒಬ್ಬಳೇ ಬಂದು ಕೂತಳು. "ನೀ ಕಾಲೇಜು ಬಿಟ್ಟಾಗ ಜನ ಏನಂದ್ರು? ಹುಡುಗ ಅದಾನ, ಏನರೆ ಮಾಡ್ತಾನ ಅಂದ್ರು. ಇಕಿ ಬಿಟ್ರ ಮರುದಿನಾನ ರಿಶ್ತಾ ತಗೊಂಡ ಬರ್ತಾರ. ಆರು ತಿಂಗಳ ಕೋರ್ಸ್ ಅಂತೀ, ಆರು ತಿಂಗಳು ಯಾರು ಬಿಡ್ತಾರ ಇಕಿನ್ನ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಾಲೇಜು ಬಿಟ್ಟು ಸೈಬರ್ ಕೆಫೆಯಲ್ಲಿ ವರ್ಷ ಕಳೆಯುವುದು, ಎಡವುವುದು, ಮತ್ತೆ ಕಲಿಯುವುದು, ಇದೆಲ್ಲ ನನಗೆ ಸಿಕ್ಕಿದ್ದು ನನ್ನ ಜಾಣತನದಿಂದ ಎಂದುಕೊಂಡಿದ್ದೆ. ಗಂಡಾಗಿ ಹುಟ್ಟಿದ್ದರಿಂದ, ಮನೆಯಲ್ಲಿ ಹೊಲಿಯುವ ಅಕ್ಕನಿದ್ದುದರಿಂದ ಸಿಕ್ಕಿತ್ತು. ನಮ್ಮ ಮನೆಯ ಹುಡುಗಿಗೆ ಪದವಿಯೆಂದರೆ ಓದು ಮಾತ್ರವಲ್ಲ, ಯಾರೂ ಪ್ರಶ್ನಿಸದೆ ಮನೆಯಿಂದ ಹೊರಗೆ ಹೋಗಿ ಬರುವ ಮೂರು ವರ್ಷವೂ ಹೌದು. 2006ರ ಸಾಚಾರ್ ಸಮಿತಿಯ ವರದಿಯಲ್ಲಿ ಒಂದು ಅಂಕಿಯಿದೆ: ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಪದವಿ ಇಲ್ಲವೇ ಡಿಪ್ಲೊಮಾ ಪಡೆದವರು ಸುಮಾರು ಶೇ. 7, ಮುಸ್ಲಿಮರಲ್ಲಿ ಶೇ. 4ಕ್ಕಿಂತ ಕಡಿಮೆ. ಅಷ್ಟು ಕಡಿಮೆ ಜನರಿಗೆ ಸಿಕ್ಕ ವಸ್ತುವನ್ನು ಬೇಡವೆನ್ನುವ ಶೋಕಿ ನಮಗೆ ಸಲ್ಲುವುದಿಲ್ಲ. ಡಿಗ್ರಿ ಬೇಕೇ ಎಂಬ ಪ್ರಶ್ನೆಗೆ, 'ಯಾರಿಗೆ?' ಎಂದು ಮೊದಲು ಕೇಳಬೇಕಾಗುತ್ತದೆ.

ಬೆಳಗ್ಗೆ ಸೊಸೆಯನ್ನು ಕೂರಿಸಿಕೊಂಡು ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ, ಆಪಾಳ ಎದುರಿಗೇ. ಆ ಒಂದು ವರ್ಷದ ಸುಳ್ಳನ್ನೂ ಹೇಳಿದೆ. "ಪುಟ ಮಾಡಾಕ ಡಿಗ್ರಿ ಬೇಕಿಲ್ಲವಾ. ಆದ್ರ ನಾ ನಿಂತ ಕಡೆ ನೀ ನಿಂದರಬ್ಯಾಡ. ಡಿಗ್ರಿ ಮಾಡು, ಕೆಲಸ ನಾ ಕಲಸ್ತೀನಿ" ಎಂದೆ.

ಅವಳು ಬೆಳಗಾವಿಯಲ್ಲಿ ಬಿಸಿಎ ಸೇರಿದಳು. ನಾನು ಓಡಾಡಿದ ದಾರಿಯಲ್ಲೇ ಬಸ್ಸಿಗೆ ಹೋಗುತ್ತಾಳೆ. ಮಚ್ಛೆಯ ಹತ್ತಿರ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗೆ ನಾನು ಅಂದು ಮುಖ ತಿರುಗಿಸಿ ಕೂರುತ್ತಿದ್ದೆ. ಇವಳು ಅಲ್ಲಿ ಎಂಸಿಎ ಮಾಡುವ ಮಾತಾಡುತ್ತಾಳೆ. ಭಾನುವಾರ ಇಬ್ಬರೂ 'ವ್ಯೂ ಸೋರ್ಸ್' ತೆರೆದು ಕೂರುತ್ತೇವೆ.

ಅವಳ ಮೊದಲ ಪುಟ ಆಪಾಳ ಹೊಲಿಗೆ ಕೆಲಸದ್ದು. ಮೊಬೈಲಿನಲ್ಲಿ ತೋರಿಸಿದಳು. ಆಪಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟು, "ಇಲ್ಲಿ ಒತ್ತಕ್ಷರದ ಕಾಲು ಮುರದಾವ ನೋಡು, ಕೆಳಗ ಜಾಗಾ ಬಿಡು" ಎಂದಳು.