ನಾನು ಬೇಗ ಎದ್ದು ಬಂದ ರಾತ್ರಿ

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಹೊಸ ಮನೆಯ ಒಕ್ಕಲು. ಹಗಲು ಪೂಜೆ, ಊಟ ಎಲ್ಲ ಮುಗಿದು ಸಂಜೆ ಆಪ್ತರಿಗೆಂದು ಟೆರೇಸಿನಲ್ಲಿ ಇನ್ನೊಂದು ಕೂಟವಿತ್ತು. "ಮಾಸ್ಟ್ರೇ, ನಿಮಗೆ ಮೀನಿನ ಊಟ ಬೇರೆಯೇ ಮಾಡಿಸಿದ್ದೇನೆ, ಬರಲೇಬೇಕು" ಎಂದು ಒತ್ತಾಯಿಸಿದ್ದರು. ಹೋದೆ. ಎಂಟು ಗಂಟೆಯ ಹೊತ್ತಿಗೆ ಬಾಟಲಿಗಳು ಮೇಲೆ ಬಂದವು. ಮದ್ಯ ಕುಡಿಯುವವರ ಊಟದ ಮೇಜಿನಲ್ಲಿ ಕುಳಿತುಕೊಳ್ಳುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆಂದು ಮದ್ರಸದಲ್ಲಿ ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಇಶಾ ನಮಾಝಿನ ಹೊತ್ತಾಯಿತೆಂದು ಎದ್ದು ಬಂದೆ. ಅಂಗಳದಲ್ಲಿ ಏಳೆಂಟು ಬೈಕುಗಳಿದ್ದವು. ತರುಣನೊಬ್ಬ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ಮೇಲೆ ಹೋಗುತ್ತಿದ್ದ. "ಇಷ್ಟು ಬೇಗ ಹೊರಟಿರಾ ಸಾರ್?" ಎಂದ. ನಕ್ಕೆ. ನಿಜ ಹೇಳಬೇಕೆಂದರೆ, ಆ ಹೊತ್ತು ನನ್ನ ಬಗ್ಗೆ ನನಗೇ ಸಂತೋಷವಾಗಿತ್ತು.

ಅದೇ ತರುಣ ಮಧ್ಯರಾತ್ರಿ ಸೇತುವೆಯ ತಿರುವಿನಲ್ಲಿ ಬಿದ್ದ. ಜೀವ ಉಳಿಯಿತು; ಬಲಗಾಲು ಉಳಿಯಲಿಲ್ಲ.

ಮೂರು ತಿಂಗಳ ಬಳಿಕ ಸಹೋದ್ಯೋಗಿ ನಮ್ಮ ಮನೆಗೆ ಬಂದರು. ಚಹಾ ತಣ್ಣಗಾಗುವ ತನಕ ಮಾತೇ ಆಡಲಿಲ್ಲ. ಆಮೇಲೆ, "ಮಾಸ್ಟ್ರೇ, ಗ್ಲಾಸಿಗೆ ಸುರಿದು ಕೊಟ್ಟವನು ನಾನು. ಹೊರಡುತ್ತೇನೆ ಎಂದವನನ್ನು ಇನ್ನೊಂದು ಕುಡಿದು ಹೋಗು ಎಂದು ಕೂರಿಸಿದವನೂ ನಾನು. ಪೊಲೀಸರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು" ಎಂದರು.

ಆ ಮಾತು ನನ್ನನ್ನು ಕಾನೂನಿನ ಪುಸ್ತಕದತ್ತ ಎಳೆಯಿತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಶಿಕ್ಷೆ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಅನೇಕರಿಗೆ ಗೊತ್ತು. ಆದರೆ ಅದೇ ಕಾಯ್ದೆಯ 188ನೇ ಕಲಮು ಈ ತಪ್ಪಿಗೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎನ್ನುತ್ತದೆ. ಇದು ನನಗೂ ಗೊತ್ತಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬರು ಮನೆಗೆ ಬಂದ ಅತಿಥಿಗೆ ಕುಡಿಸಿ, ಕಾರಿನ ತನಕ ಹೋಗಿ ಬೀಳ್ಕೊಟ್ಟರು. ದಾರಿಯಲ್ಲಿ ಆ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಗಾಯಗೊಂಡರು. ಅತಿಥಿ ಕಾರು ಓಡಿಸುತ್ತಾನೆಂದು ತಿಳಿದೂ ಕುಡಿಸಿದ ಆತಿಥೇಯನೂ ಹೊಣೆಗಾರನೆಂದು ಅಲ್ಲಿನ ಸುಪ್ರೀಂ ಕೋರ್ಟು 1984ರಲ್ಲಿ ಹೇಳಿತು. ಕೆನಡಾದ ಸುಪ್ರೀಂ ಕೋರ್ಟು 2006ರಲ್ಲಿ, ಅತಿಥಿಗಳೇ ಮದ್ಯ ತಂದಿದ್ದ ಹೊಸವರ್ಷದ ಕೂಟವೊಂದರ ಪ್ರಕರಣದಲ್ಲಿ, ಮನೆಯವರ ಮೇಲೆ ಅಂಥ ಹೊಣೆ ಹೊರಿಸಲಿಲ್ಲ.

ನ್ಯಾಯಾಲಯಗಳು ಹೀಗೆ ಬೇರೆ ಬೇರೆ ಹೇಳಿದರೂ ನಮಗೆ ಈ ಗೊಂದಲವಿಲ್ಲ. ಮದ್ಯದ ವಿಷಯದಲ್ಲಿ ಶಾಪಕ್ಕೊಳಗಾದ ಹತ್ತು ಮಂದಿಯಲ್ಲಿ ಕುಡಿದವನ ಜೊತೆ ಹೊತ್ತು ತಂದವನೂ ಸುರಿದು ಕೊಟ್ಟವನೂ ಇದ್ದಾರೆಂದು ತಿರ್ಮಿದಿಯ ಹದೀಸಿನಲ್ಲಿದೆ. ಆದರೆ ತನ್ನ ತಪ್ಪನ್ನು ತಾನೇ ಹೇಳಿಕೊಂಡು ಅಳುತ್ತಿದ್ದ ಆ ಮನುಷ್ಯನ ಮುಂದೆ ಅದನ್ನು ಹೇಳಲು ನನಗೆ ನಾಲಿಗೆ ಬರಲಿಲ್ಲ. ನನ್ನನ್ನು ಚುಚ್ಚಿದ್ದು ಬುಖಾರಿಯ ಹಡಗಿನ ಹದೀಸು. ಕೆಳಗಿನವರು ಹಡಗಿಗೆ ತೂತು ಕೊರೆಯಲು ಹೊರಟಾಗ ಮೇಲಿನವರು ಕೈಹಿಡಿದು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ನಾನು ಎದ್ದು ಬಂದದ್ದು ಸರಿ. ಆದರೆ "ಕೀಗಳನ್ನು ತೆಗೆದಿಡಿ, ನನ್ನ ಓಮ್ನಿ ಇದೆ, ಎಷ್ಟು ಹೊತ್ತಿಗಾದರೂ ಫೋನ್ ಮಾಡಿ" ಎಂದು ಅವರ ಕಿವಿಯಲ್ಲಿ ಹೇಳಲು ಏನು ಅಡ್ಡಿಯಿತ್ತು? ನಮ್ಮವರ ಮದುವೆ ಹಾಲ್‌ಗಳ ಹಿಂದೆ, ಕಾರಿನ ಡಿಕ್ಕಿಯ ಸುತ್ತ ಮದುಮಗನ ಗೆಳೆಯರು ಗುಂಪುಗೂಡುವುದನ್ನು ಕಂಡೂ ಮುಖ ತಿರುಗಿಸುವ ಹಿರಿಯರಲ್ಲಿ ನಾನೂ ಒಬ್ಬ. ನಾವು ಕೊಟ್ಟದ್ದಲ್ಲವಲ್ಲ ಎಂಬ ಸಮಾಧಾನ.

ಕಳೆದ ವರ್ಷ ಅವರ ಮಗಳ ಮದುವೆ. "ಹುಡುಗನ ಕಡೆಯವರಿಗಾಗಿ ರಾತ್ರಿ ಸ್ವಲ್ಪ ಇರುತ್ತದೆ ಮಾಸ್ಟ್ರೇ, ನಿಮ್ಮಿಂದ ಮುಚ್ಚಿಡುವುದಿಲ್ಲ" ಎಂದರು. ಊಟಕ್ಕೆ ಬರುವುದಿಲ್ಲ ಎಂದೆ. ಇಶಾದ ಬಳಿಕ ಓಮ್ನಿಯನ್ನು ಅವರ ಗೇಟಿನ ಹೊರಗೆ ನಿಲ್ಲಿಸಿ ಕುಳಿತೆ. "ಕುಡಿದವರಿಗೆ ಡ್ರೈವರ್ ಆಗುವುದಾ? ಜಮಾಅತಿನವರು ಕಂಡರೆ ಏನೆಂದಾರು?" ಎಂದು ಹೆಂಡತಿ ಮನೆಯಲ್ಲೇ ಕೇಳಿದ್ದಳು. ಉತ್ತರ ಗೊತ್ತಿರಲಿಲ್ಲ. ಒಳಗೆ ಸಹೋದ್ಯೋಗಿಯ ತಾಯಿ ಸ್ಟೀಲಿನ ಡಬ್ಬಿಯಲ್ಲಿ ಎಲ್ಲರ ಕೀಗಳನ್ನೂ ಹಾಕಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರಂತೆ. ಎರಡು ಟ್ರಿಪ್ಪಿನಲ್ಲಿ ಏಳು ಮಂದಿಯನ್ನು ಮನೆ ಮುಟ್ಟಿಸಿದೆ. ಒಬ್ಬ ಹಿಂದಿನ ಸೀಟಿನಲ್ಲೇ ವಾಂತಿ ಮಾಡಿದ.

ಸುಬಹಿಗೆ ಮುಂಚೆ ಅಂಗಳದಲ್ಲಿ ಸೀಟು ತೊಳೆಯುತ್ತಿದ್ದೆ. ಹೆಂಡತಿ ಏನೂ ಹೇಳದೆ ಇನ್ನೊಂದು ಬಕೆಟ್ ನೀರು ತಂದಿಟ್ಟಳು.