ಸಂಗಮದ ದಂಡೆಯಲ್ಲಿ ಸಂಕ್ರಾಂತಿಯ ಬುತ್ತಿ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವ ಸ್ಥಳವೇ ಕೂಡಲಸಂಗಮ. ಬಸವಣ್ಣನವರು ವಿದ್ಯಾರ್ಜನೆ ಮಾಡಿದ್ದು ಇಲ್ಲಿ; ಕಲ್ಯಾಣದ ಮಹಾಕಾರ್ಯದ ತರುವಾಯ ಐಕ್ಯರಾದದ್ದೂ ಇಲ್ಲಿಯೇ. ಅವರ ವಚನಗಳ ಅಂಕಿತವಾಗಿ ಈ ಕ್ಷೇತ್ರದ ಹೆಸರು ನಾಡಿನ ಮನೆಮನೆಯಲ್ಲಿ ನೆಲೆಸಿದೆ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ಬರುವುದರಿಂದ ಐಕ್ಯಸ್ಥಳದ ಸುತ್ತಲೂ ಎತ್ತರವಾದ ಗೋಡೆ ಕಟ್ಟಲಾಗಿದ್ದು, ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ.

ಮಕರ ಸಂಕ್ರಾಂತಿಯ ಮುಂಜಾವಿನಲ್ಲಿ ಈ ದಂಡೆಯನ್ನು ನೋಡಬೇಕು. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಟಂಟಂಗಳಲ್ಲಿ, ಬಸ್ಸುಗಳಲ್ಲಿ ಕುಟುಂಬಗಳು ಬಂದಿಳಿಯುತ್ತವೆ. ಎಳ್ಳು ಅರಿಷಿಣಗಳನ್ನು ಅರೆದು ಮೈಗೆ ಹಚ್ಚಿಕೊಂಡು ಹಿರಿಯರು ಕಿರಿಯರೆನ್ನದೆ ಮೀಯುತ್ತಾರೆ. ಅನಂತರ ಇಷ್ಟಲಿಂಗ ಪೂಜೆ, ಸಂಗಮನಾಥನ ದರ್ಶನ. ಅಲ್ಲಿಯವರೆಗೆ ಯಾರೂ ಬುತ್ತಿಯ ಗಂಟು ಬಿಚ್ಚುವುದಿಲ್ಲ.

ಈ ಮುಂಜಾನೆಯ ಊಟಕ್ಕೆ ಸಿದ್ಧತೆ ಹಿಂದಿನ ದಿನ, ಭೋಗಿಯಂದೇ ಆರಂಭವಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ, ಮಾದಲಿ ಇವೆಲ್ಲ ಬುತ್ತಿಯಲ್ಲಿರುತ್ತವೆ. ಚಳಿಗಾಲದಲ್ಲಿ ದೇಹಕ್ಕೆ ಬೇಕಾದ ಜಿಡ್ಡನ್ನು ಎಳ್ಳು, ಶೇಂಗಾ, ಗುರೆಳ್ಳುಗಳು ಒದಗಿಸುತ್ತವೆ. ಹೊಲದಲ್ಲಿ ಬೆಳೆದದ್ದೇ ಹಬ್ಬದ ಅಡುಗೆಯಾಗುವುದು ನಮ್ಮ ಹಿರಿಯರ ವಿವೇಕ.

ಸಜ್ಜೆ ರೊಟ್ಟಿ ಮಾಡುವ ಕ್ರಮ ಹೀಗಿದೆ. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಸಜ್ಜೆಯಲ್ಲಿ ಜಿಡ್ಡಿನಂಶ ಹೆಚ್ಚಾದ್ದರಿಂದ ಹಳೆಯ ಹಿಟ್ಟು ಕಹಿಯಾಗುತ್ತದೆ. 2 ಬಟ್ಟಲು ಹಿಟ್ಟಿಗೆ ರುಚಿಗೆ ತಕ್ಕ ಉಪ್ಪು ಬೆರೆಸಿ, ಕುದಿಯುವ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಸಬೇಕು. ಬಿಸಿ ಆರುವ ಮೊದಲೇ ಅಂಗೈಯಿಂದ ಚೆನ್ನಾಗಿ ನಾದಿದರೆ ಅಂಚು ಬಿರಿಯುವುದಿಲ್ಲ. ಉಂಡೆ ಮಾಡಿ, ಒಣಹಿಟ್ಟಿನ ಮೇಲೆ ಕೈಯಿಂದ ತಿರುಗಿಸುತ್ತ ತಟ್ಟಬೇಕು. ಮೇಲೆ ಎಳ್ಳು ಉದುರಿಸಿ ಮೆಲ್ಲಗೆ ಒತ್ತಿ, ಕಾದ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಭಾಗಕ್ಕೆ ನೀರು ಸವರಬೇಕು. ನೀರು ಆರಿದೊಡನೆ ಮಗುಚಿ, ಎರಡೂ ಕಡೆ ಬೇಯಿಸಬೇಕು. ಪ್ರಯಾಣಕ್ಕೆ ಒಯ್ಯುವುದಾದರೆ ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತಿಟ್ಟು ಪಸೆ ಪೂರ್ತಿ ಆರುವಂತೆ ಮಾಡಿದರೆ ಕಟಕಾಗಿ ಅನೇಕ ದಿನ ಕೆಡದೆ ಉಳಿಯುತ್ತದೆ.

ಎಣ್ಣೆಗಾಯಿಗೆ ಅರ್ಧ ಕಿಲೋ ಎಳೆಯ ಬದನೆಕಾಯಿ ಸಾಕು. ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ ಉಪ್ಪುನೀರಿನಲ್ಲಿಡಬೇಕು. ಹುರಿದ ಶೇಂಗಾ ಅರ್ಧ ಬಟ್ಟಲು, ಎಳ್ಳು 2 ಚಮಚ, ಗುರೆಳ್ಳು 1 ಚಮಚ, ಸ್ವಲ್ಪ ಒಣಕೊಬ್ಬರಿ ಇವನ್ನು ತರಿತರಿಯಾಗಿ ಕುಟ್ಟಿ, ಮಸಾಲೆಖಾರ, ಅರಿಷಿಣ, ಉಪ್ಪು, ಹುಣಸೆರಸ, ಬೆಲ್ಲ ಬೆರೆಸಿ ಕಾಯಿಗಳಲ್ಲಿ ತುಂಬಬೇಕು. ಧಾರಾಳ ಎಣ್ಣೆಯಲ್ಲಿ ಸಾಸಿವೆ ಜೀರಿಗೆಯ ಒಗ್ಗರಣೆ ಕೊಟ್ಟು, ಕಾಯಿಗಳನ್ನು ಬಾಡಿಸಿ, ಉಳಿದ ಮಸಾಲೆಯನ್ನೂ ತುಸು ನೀರನ್ನೂ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಬೇಕು.

ನದಿಯಲ್ಲಿ ಮುಳುಗಿದ ಮಾತ್ರಕ್ಕೆ ಪಾಪ ಕಳೆಯುತ್ತದೆಂಬುದನ್ನು ಶರಣರು ಒಪ್ಪಲಿಲ್ಲ. ಹಾಗಾದರೆ ನಾವು ಸಂಗಮಕ್ಕೆ ಹೋಗುವುದೇಕೆ? ಉತ್ತರ ಬುತ್ತಿಯಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ನಾವು ದಂಡೆಯಲ್ಲಿ ಕುಳಿತಾಗ ಪಕ್ಕದ ಗುಂಪಿನ ವೃದ್ಧೆಯೊಬ್ಬರು, "ಬರ್ರಿ ಯಪ್ಪಾ, ನಮ್ಮ ಬುತ್ತೀದೂ ಒಂದ್ ತುತ್ತು ಉಣ್ರಿ" ಎಂದು ಕರೆದರು. ಊರು ಕೇಳಲಿಲ್ಲ, ಕುಲ ಕೇಳಲಿಲ್ಲ. ನಮ್ಮ ಹೋಳಿಗೆ ಅವರ ಅರಿವೆಗೆ ಹೋಯಿತು, ಅವರ ರೊಟ್ಟಿ ನಮ್ಮ ಕೈಗೆ ಬಂದಿತು. ಸಹಪಂಕ್ತಿಯೆಂಬ ತತ್ತ್ವಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಬೇಕಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಭೋಗಿಯ ರಾತ್ರಿಯೆಲ್ಲ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಂದಿರು, ದಂಡೆಯಲ್ಲಿಯೂ ಎಲ್ಲರಿಗೆ ಬಡಿಸಿ ಕೊನೆಗೆ ಉಣ್ಣುವುದನ್ನು ನಾವು ಕಾಣುತ್ತೇವೆ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ನೆಲದಲ್ಲಿ ಇದು ಸಲ್ಲದು. ಕಾಯಕ ಎಲ್ಲರದೂ ಆದಾಗ ದಾಸೋಹವೂ ಎಲ್ಲರದಾಗುತ್ತದೆ. ಗಂಡುಮಕ್ಕಳೂ ರೊಟ್ಟಿ ತಟ್ಟುವುದನ್ನು ಕಲಿಯಲಿ. ಕೊಂಡು ತರುವ ರೊಟ್ಟಿಯ ಈ ಕಾಲದಲ್ಲಿ ಆ ವಿದ್ಯೆ ಮನೆಯಲ್ಲಿ ಉಳಿಯಲು ಅದೇ ದಾರಿ.

ಈ ಸಂಕ್ರಾಂತಿಗೆ ಸಂಗಮಕ್ಕೆ ಹೊರಡುವ ಬಂಧುಗಳು ಬುತ್ತಿಯನ್ನು ಅರಿವೆಯಲ್ಲಿ ಕಟ್ಟಿಕೊಳ್ಳಲಿ. ಪ್ಲಾಸ್ಟಿಕ್ ಚೀಲ, ತಟ್ಟೆಗಳನ್ನು ನದಿಯ ಪಾಲು ಮಾಡದಿರಲಿ. ನಾಲ್ಕು ರೊಟ್ಟಿಗಳನ್ನು ಹೆಚ್ಚಿಗೆ ಒಯ್ಯಲಿ. ಅವನ್ನು ಉಣ್ಣುವವರು ಅಲ್ಲಿ ಪಕ್ಕದಲ್ಲಿಯೇ ಕುಳಿತಿರುತ್ತಾರೆ.