ಮಾಗಡಿ ಕೆರೆಯ ದಂಡೆಯಲ್ಲಿ

ಹಕ್ಕಿಗಳನ್ನು ನೋಡುವುದು ನನಗೆ ಬಹುಕಾಲದ ಹವ್ಯಾಸ. ಅದರಲ್ಲಿ ಸಾಕಷ್ಟು ಪರಿಣತಿ ಪಡೆದಿದ್ದೇನೆಂಬ ಹೆಮ್ಮೆಯೂ ನನಗಿತ್ತು. ಆ ಹೆಮ್ಮೆ ಎರಡು ದಿನಗಳಲ್ಲಿ ಹೇಗೆ ಕರಗಿತೆಂಬುದನ್ನು ಇಲ್ಲಿ ಹೇಳುತ್ತೇನೆ.

ಶರದೃತುವಿನ ಕೊನೆಯ ದಿನಗಳು. ದೀಪಾವಳಿ ಮುಗಿದು ಎರಡು ವಾರಗಳಾಗಿದ್ದುವು. ಮಳೆ ಹಿಂದೆ ಸರಿದು ಆಕಾಶ ನಿರ್ಮಲವಾಗಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಸೋದರಳಿಯ, “ಮಾಮಾ, ಹಿಮಾಲಯ ದಾಟಿ ಬರುವ ಹಕ್ಕಿಗಳನ್ನು ತೋರಿಸುತ್ತೇನೆಂದು ಹೋದ ವರ್ಷವೇ ಹೇಳಿದ್ದಿರಿ” ಎಂದು ನೆನಪಿಸಿದ. ಶನಿವಾರ, ಗೌರಿ ಹುಣ್ಣಿಮೆಯ ಮರುದಿನ, ನಾವಿಬ್ಬರೂ ಮಾಗಡಿ ಕೆರೆಯ ದಂಡೆಯಲ್ಲಿದ್ದೆವು. ಇದು ಬೆಂಗಳೂರಿನ ಬಳಿಯ ಮಾಗಡಿಯಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿ. ಮಳೆಯ ನೀರನ್ನು ಕೂಡಿಟ್ಟು ಹೊಲಗಳಿಗೆ ಹರಿಸಲೆಂದು ಕಟ್ಟಿದ ಈ ಕೆರೆ, ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2024ರಲ್ಲಿ ಸೇರಿತು. ಆ ಗೌರವಕ್ಕೆ ಮುಖ್ಯ ಕಾರಣ ಪಟ್ಟೆತಲೆ ಹೆಬ್ಬಾತುಗಳು.

ಬಿಸಿಲೇರುವ ಹೊತ್ತಿಗೆ ಅವು ನಮ್ಮ ಕಣ್ಣಿಗೆ ಬಿದ್ದುವು. ಕೆರೆಯ ನಡುವೆ, ತಿಳಿಬೂದು ಬಣ್ಣದ ದೊಡ್ಡ ಗುಂಪು. ಬಿಳಿಯ ತಲೆಯ ಹಿಂಭಾಗದಲ್ಲಿ ಕಾಡಿಗೆಯಿಂದ ಎಳೆದಂತೆ ಎರಡು ಕಪ್ಪು ಪಟ್ಟೆಗಳು. ಕಿತ್ತಳೆ ಛಾಯೆಯ ಹಳದಿ ಕೊಕ್ಕು. ಹಲವು ಹಕ್ಕಿಗಳು ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ ನಿದ್ರಿಸುತ್ತಿದ್ದುವು.

ಮಂಗೋಲಿಯಾ, ಟಿಬೆಟ್, ಲಡಾಖ್ ಪ್ರದೇಶಗಳ ಎತ್ತರದ ಸರೋವರಗಳ ಬಳಿ ಇವು ಮರಿಮಾಡುತ್ತವೆ. ಚಳಿಗಾಲ ಸಮೀಪಿಸಿದೊಡನೆ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ವಿಜ್ಞಾನಿಗಳು ಈ ಹಕ್ಕಿಗಳ ಮೈಗೆ ಪುಟ್ಟ ಉಪಕರಣಗಳನ್ನು ಅಳವಡಿಸಿ ಪರಿಶೀಲಿಸಿದಾಗ, ಕೆಲವು 7,000 ಮೀಟರಿಗೂ ಮೀರಿದ ಎತ್ತರದಲ್ಲಿ ಹಾರಿದ್ದು ಕಂಡುಬಂದಿತು. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಇವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇತರ ಹಲವು ಹಕ್ಕಿಗಳಿಗಿಂತ ಸುಲಭವಾಗಿ ಹಿಡಿದುಕೊಳ್ಳುತ್ತದೆ. ಇಷ್ಟನ್ನೆಲ್ಲ ನಾನು ಅಳಿಯನಿಗೆ ಉತ್ಸಾಹದಿಂದ ವಿವರಿಸಿದೆ. ಅವನು ದುರ್ಬೀನಿನಲ್ಲಿ ನೋಡುತ್ತ ಎಣಿಸತೊಡಗಿದ.

ನನಗಾದರೋ ಒಂದು ಒಳ್ಳೆಯ ಛಾಯಾಚಿತ್ರ ಬೇಕಾಗಿತ್ತು. ಕ್ಯಾಮರಾ ಹಿಡಿದು, ಬಗ್ಗಿ, ಜೊಂಡಿನ ಮರೆಯಲ್ಲಿ ನೀರಿನಂಚಿಗೆ ನಡೆದೆ. ಕೆಲವು ತಲೆಗಳು ಮೇಲೆದ್ದುವು. ಅದು ಎಚ್ಚರಿಕೆಯೆಂದು ನನಗೆ ತಿಳಿದಿತ್ತು. ತಿಳಿದೂ ಇನ್ನೆರಡು ಹೆಜ್ಜೆ ಇಟ್ಟೆ. ಒಂದು ಹಕ್ಕಿ ಕೂಗಿತು. ಮರುಕ್ಷಣ ಇಡೀ ಗುಂಪು ನೀರನ್ನು ಬಡಿದು ಮೇಲೆದ್ದು, ಕೆರೆಯನ್ನು ಮೂರು ಬಾರಿ ಸುತ್ತಿ, ಕಡೆಗೆ ಕಣ್ಣಿಗೆ ಕಾಣದಂತೆ ದೂರ ಸರಿದುಹೋಯಿತು.

ಏರಿಯ ಮೇಲಿಂದ, ರುಮಾಲು ಸುತ್ತಿದ್ದ ವೃದ್ಧ ರೈತರೊಬ್ಬರು ನನ್ನನ್ನೇ ನೋಡುತ್ತಿದ್ದರು. “ಎಬ್ಬಿಸಿಬಿಟ್ರಲ್ರೀ ಸರ” ಎಂದರು. “ಎಷ್ಟೋ ದೂರದಿಂದ ಬಂದಾವು. ದಣಿವು ಆರಿಸ್ಕೊಳ್ಳಾಕ ಕುಂತಿದ್ದುವು.” ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆನೇನೋ.

ಸಂಜೆ ಅವರೇ ನಮ್ಮನ್ನು ತಮ್ಮ ಹೊಲದ ಬದುವಿಗೆ ಕರೆದೊಯ್ದರು. ಹಿಂಗಾರಿ ಕಡಲೆ ಆಗತಾನೆ ಮೊಳೆತಿತ್ತು. ಕತ್ತಲಾಗಿ ಚಂದ್ರ ಮೇಲೇರಿದಾಗ ಕೆರೆಯ ಕಡೆಯಿಂದ ಕಹಳೆಯಂಥ ದನಿಗಳು ಕೇಳಿಬಂದುವು. ಮರಳಿ ಬಂದಿದ್ದ ಹೆಬ್ಬಾತುಗಳು ಸಾಲುಸಾಲಾಗಿ ನಮ್ಮ ತಲೆಯ ಮೇಲೆ ಹಾದು ಹೊಲಗಳತ್ತ ಹೋದುವು. ಇವು ಹಗಲನ್ನು ನೀರಿನಲ್ಲಿ ಕಳೆದು, ರಾತ್ರಿ ಹೊಲಗಳಲ್ಲಿ ಮೇಯುತ್ತವೆ.

“ನಿಮ್ಮ ಹೊಲಕ್ಕೂ ಇಳಿಯುತ್ತವೆಯೇ, ಯಜಮಾನರೇ?” ಎಂದು ಕೇಳಿದೆ.

“ಇಳೀತಾವ್ರೀ. ಹೋದ ವರ್ಷ ಆ ಮೂಲ್ಯಾಗಿನ ಕಡ್ಲಿ ಪೂರಾ ತಿಂದು ಹೋದುವು.”

“ಓಡಿಸುವುದಿಲ್ಲವೇ?”

“ಮಗ ಓಡಸ್ತಾನ. ಬೀಜದ ಸಾಲ ಅವನ ತಲಿ ಮ್ಯಾಲ ಐತಿ, ಅವಂದು ತಪ್ಪಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: “ಹೊಲಕ್ಕ ಬಂದ್ರ ಅದು ನಮಗೂ ಅವಕ್ಕೂ ಇರೋ ಜಗಳ. ಆದ್ರ ಕೆರಿಯಾಗ ಕುಂತಾಗ ಯಾರೂ ಎಬ್ಬಸಂಗಿಲ್ಲ. ನಮ್ಮ ಹಿರ್ಯಾರು ಹಂಗ ನಡ್ಕೊಂಡು ಬಂದಾರ.”

ಆ ಮಾತು ನನ್ನ ಮನಸ್ಸನ್ನು ಚುಚ್ಚಿತು. ಹಕ್ಕಿಗಳಿಂದ ಬೆಳೆ ಕಳೆದುಕೊಂಡವರು ಅವುಗಳ ವಿಶ್ರಾಂತಿಗೆ ಒಂದು ಎಲ್ಲೆಯನ್ನು ಹಾಕಿಕೊಟ್ಟು, ಅದನ್ನು ಮೀರದೆ ಬಾಳುತ್ತಿದ್ದರು. ಏನನ್ನೂ ಕಳೆದುಕೊಳ್ಳದ ನಾನು ಒಂದು ಚಿತ್ರದ ಆಸೆಗೆ ಆ ಎಲ್ಲೆಯನ್ನು ದಾಟಿದ್ದೆ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಪ್ರತಿಯೊಂದು ಅನಗತ್ಯ ಹಾರಾಟವೂ ನಷ್ಟವೇ. ಗಳಿಸಿದ ಕಸುವನ್ನು ಅದು ಮರುಪ್ರಯಾಣಕ್ಕಾಗಿ ಕೂಡಿಡಬೇಕು. ಹಿಮೋಗ್ಲೋಬಿನ್ನಿನ ಬಗೆಗೆ ಅಷ್ಟು ಮಾತನಾಡಿದ ನನಗೆ ಈ ಸರಳ ಲೆಕ್ಕ ಹೊಳೆದಿರಲಿಲ್ಲ.

ರಾತ್ರಿ ಶಿರಹಟ್ಟಿಯಲ್ಲಿ ತಂಗಿದ್ದು, ಭಾನುವಾರ ನಸುಕಿನಲ್ಲೇ ಮತ್ತೆ ಕೆರೆಗೆ ಬಂದೆವು. ಈ ಬಾರಿ ಏರಿಯ ಮೇಲೆಯೇ, ಒಂದು ಜಾಲಿಮರದ ಬುಡದಲ್ಲಿ ಅಲುಗಾಡದೆ ಕುಳಿತೆವು. ಕ್ಯಾಮರಾ ಚೀಲದಲ್ಲೇ ಉಳಿಯಿತು. ಪೂರ್ವದಲ್ಲಿ ಕೆಂಪು ಮೂಡುತ್ತಿದ್ದಂತೆ ಹೆಬ್ಬಾತುಗಳು ಹೊಲಗಳಿಂದ ಹಿಂದಿರುಗಿ, ಕಾಲುಗಳನ್ನು ಮುಂದೆ ಚಾಚಿ, ಒಂದೊಂದಾಗಿ ನೀರಿಗಿಳಿದುವು. ನಮ್ಮನ್ನು ಅವು ಲೆಕ್ಕಿಸಲೇ ಇಲ್ಲ. ಬಿಸಿಲು ಹರಡುವ ವೇಳೆಗೆ ಅವು ಕೊಕ್ಕನ್ನು ಗರಿಯೊಳಗೆ ಹುದುಗಿಸಿ ನಿದ್ರೆಹೋದುವು. ಹಕ್ಕಿಗಳು ನಮ್ಮೆದುರು ನಿರ್ಭಯವಾಗಿ ನಿದ್ರಿಸುವುದನ್ನು ನೋಡುವ ಸಂತೋಷ ಬೇರೆಯೇ. ಅಷ್ಟು ವರ್ಷಗಳ ಹವ್ಯಾಸದಲ್ಲಿ ಅದನ್ನು ನಾನು ಅಂದು ಮೊದಲ ಬಾರಿಗೆ ಅನುಭವಿಸಿದೆ.

ಅಳಿಯ ಎಣಿಕೆ ಮುಗಿಸಿ ತನ್ನ ಪುಸ್ತಕದಲ್ಲಿ 412 ಎಂದು ಬರೆದ. ಪಕ್ಕದ ಪುಟ ನನ್ನ ಕಣ್ಣಿಗೆ ಬಿತ್ತು. ಹಿಂದಿನ ದಿನದ ಎಣಿಕೆ 180ಕ್ಕೆ ನಿಂತಿತ್ತು. ಅದರ ಮುಂದೆ, “ಮಾಮಾ ಎಬ್ಬಿಸಿದರು” ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು.

ಅದನ್ನು ಅಳಿಸೆಂದು ನಾನು ಹೇಳಲಿಲ್ಲ.